ಓಲೀಟಾಳಿಗೆಂದು ತಂದ ರಿವಾಲ್ವರ್

ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿ, ಅದರ ಮೇಲೆ ಖಾಲಿ ಗೋಣಿ ಹಾಸಿ, ಹೋಬರ್ಟ್ ಎರಡು ರಿವಾಲ್ವರ್‌ಗಳನ್ನು ಪಕ್ಕಪಕ್ಕ ಇಟ್ಟ. ಒಂದು, ಇಪ್ಪತ್ತು ವರ್ಷದಿಂದ ಅವನ ಬಲಸೊಂಟದಲ್ಲೇ ಸವೆದ ಉಕ್ಕಿನದು. ಇನ್ನೊಂದು ಬೆಳಿಗ್ಗೆ ತಾನೆ ಪೇಟೆಯಿಂದ ತಂದದ್ದು. ಎರಡೂ ಗಿಡ್ಡ ನಳಿಗೆಯವು, ಎರಡಕ್ಕೂ ಐದೈದೇ ತೋಟಾ.

"ಹೊಸದು ನಿನಗೆ" ಎಂದ. "ಹುಟ್ಟಿದಹಬ್ಬಕ್ಕೆ."

ಓಲೀಟಾ ಒಂದೊಂದು ಕೈಯಲ್ಲಿ ಒಂದೊಂದನ್ನು ಎತ್ತಿ ತೂಗಿ ನೋಡಿದಳು. ಹಳೆಯದನ್ನು ಜೇಬಿಗಿಳಿಸಿದರೆ ಏಪ್ರನ್ ಒಂದು ಕಡೆಗೆ ಜೋತುಬೀಳುತ್ತಿತ್ತು. ಹೊಸದು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಆಶ್ಚರ್ಯವಾದದ್ದು ಅದಕ್ಕಲ್ಲ. ಟೆಕ್ಸಸ್‌ನ ಆ ಗುಡ್ಡಸೀಮೆಯಲ್ಲಿ ಗಂಡಸರು ಹೆಂಡತಿಗೆಂದು ಅಂಗಡಿಗೆ ಹೋಗಿ, ಇದ್ದುದರಲ್ಲೇ ಹಗುರವಾದದ್ದನ್ನು ಕೊಂಡುತರುವುದು ಹೊಸದೇನಲ್ಲ. ಅಂಥವರನ್ನು ಕಂಡು ಮೂವತ್ತು ವರ್ಷ ನಕ್ಕವನೇ ಹೋಬರ್ಟ್.

"ಹೊರೋಕೆ ಗರಿ, ಹೊಡೆಯೋಕೆ ಕತ್ತೆ ಒದೆ ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು? ಒಂದು ಸಲ ಹೊಡೆದ ಹೆಂಗಸು ಮತ್ತೆ ಅದನ್ನ ಡ್ರಾಯರ್‌ನಿಂದ ಈಚೆಗೇ ತೆಗೆಯಲ್ಲ ಅಂತ?"

"ಮಾತು ಸಾಕು. ಹೊಡೆದು ನೋಡು."

ಹತ್ತು ಹೆಜ್ಜೆ ದೂರದ ಬೇಲಿಗೂಟಕ್ಕೆ ಕಾಫಿ ಡಬ್ಬಿಯ ಮುಚ್ಚಳವನ್ನು ಮೊಳೆ ಹೊಡೆದು ಸಿಕ್ಕಿಸಲಾಗಿತ್ತು. ಉಕ್ಕಿನದರಲ್ಲಿ ಅವಳು ಐದಕ್ಕೆ ನಾಲ್ಕು ತಾಗಿಸಿದಳು; ಅದರ ತೂಕವೇ ಕೈಯನ್ನು ಅಲುಗದಂತೆ ಹಿಡಿದಿತ್ತು. ಹೊಸದರಲ್ಲಿ ಮೊದಲ ಏಟಿಗೇ ಅಂಗೈ ಚುರ್ ಎಂದಿತು. ಎರಡು ತಾಗಿದವು, ಮೂರು ಗುಡ್ಡದ ಪಾಲಾದವು. ಮೇಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇವಿಗೆ ಬಾಗಿದವು.

"ಈಗ ನೀನು" ಎಂದು ಓಲೀಟಾ ಹಳೆಯದನ್ನು ಅವನ ಮುಂದೆ ಹಿಡಿದಳು. ಅವನು ಅದರತ್ತ ಕೈ ಚಾಚಲಿಲ್ಲ. "ಅದು ಗೊತ್ತಿರೋದೇ ಬಿಡು" ಎಂದು ಹೊಸದನ್ನು ತೆಗೆದುಕೊಂಡ. ಅಂಗಿಯ ಜೇಬಿನಿಂದ, ಒಂದೇ ಏಟಿಗೆ ಸಾಸಿವೆಯಂಥ ಗುಂಡು ಚೆಲ್ಲುವ ಎರಡು ಚರೆ ತೋಟಾ ತೆಗೆದು ತುಂಬಿದ. ಚರೆ ಅಂದರೆ ಗುರಿ ಇಲ್ಲದವರ ಗುಂಡು ಎಂದು ಹೀಯಾಳಿಸುತ್ತಿದ್ದವನೂ ಇವನೇ. ಗೂಟಕ್ಕೆ ಮೂರು ಹೆಜ್ಜೆ ಇರುವಂತೆ ಹೋಗಿ ನಿಂತು, ಎಡಗೈಯಿಂದ ಎರಡು ಸಲ ರಿವಾಲ್ವರಿನ ಕುದುರೆ ಎಳೆದ. ಮುಚ್ಚಳ ಜರಡಿಯಾಯಿತು. ಬಲಗೈ ಪ್ಯಾಂಟಿನ ಜೇಬಿನೊಳಗೇ ಇತ್ತು.

ಓಲೀಟಾಳ ಕಣ್ಣು ಆ ಜೇಬಿನ ಮೇಲೆ ನಿಂತಿತು. ಚಳಿಗಾಲದಿಂದೀಚೆಗೆ ಅವನು ಕಾಫಿಯನ್ನು ಅರ್ಧ ಲೋಟವೇ ಬಗ್ಗಿಸಿಕೊಳ್ಳುತ್ತಿದ್ದ; ಅದೂ ಬಲಗೈಯಲ್ಲಿ ಎತ್ತಿದರೆ ತುಳುಕುತ್ತಿತ್ತು. ಹನ್ನೊಂದು ದಿನದ ಹಿಂದೆ ಕೆಳಗಿನ ಹುಲ್ಲುಗಾವಲಿನ ನೀರಿನ ತೊಟ್ಟಿಯ ಹತ್ತಿರ ಗಿಲಿಕೆ ಹಾವು ಕಚ್ಚಿ ನಾಯಿ ಪೆನ್ನಿ ಸತ್ತಿತ್ತು. ರಿವಾಲ್ವರ್ ಗಾಡಿಯಲ್ಲೇ ಉಳಿದಿತ್ತು ಎಂದು ಹೋಬರ್ಟ್ ಹೇಳಿದ್ದ. ಮರುದಿನ ಮೇಕೆ ಎಣಿಸಲು ಹೋದ ಓಲೀಟಾ ತೊಟ್ಟಿಯ ಬುಡದ ಮಣ್ಣಿನಲ್ಲಿ ಮೂರು ಗುಂಡಿನ ತೂತು ನೋಡಿದ್ದಳು. ನಾಲ್ಕನೆಯದು ತೊಟ್ಟಿಗೇ ಬಿದ್ದಿತ್ತು. ಅದಕ್ಕೆ ಯಾರೋ ಮರದ ಬೆಣೆ ಕೆತ್ತಿ ಹೊಡೆದಿದ್ದರು. ಅವಳು ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಅವನು ಕೆಳಗೆ ಇಳಿದಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ, ಬೀನ್ಸ್ ಕಾಳಿನ ತಟ್ಟೆಯಿಂದ ತಲೆಯೆತ್ತದೆ, "ಮೇಕೆ ಮಾರಿಬಿಡೋಣ" ಎಂದಿದ್ದ.

ಅವಳು ಅಂಗೈಯನ್ನು ಏಪ್ರನ್‌ಗೆ ಉಜ್ಜಿಕೊಂಡಳು.

"ನನಗಿದು ಬೇಡಪ್ಪ. ಅಂಗೈ ಉರೀತಾ ಇದೆ."

"ಹುಟ್ಟಿದಹಬ್ಬಕ್ಕೆ ತಂದದ್ದು, ಲೀಟಾ."

"ಹುಟ್ಟಿದಹಬ್ಬದ ದಿನ ಕೈ ಮುರ್ಕೋಬೇಕಾ? ವಾಪಸ್ ಕೊಟ್ಟು ಬಾ."

"ಅಂಗಡಿಯವನು ವಾಪಸ್ ತಗೊಳ್ಳಲ್ಲ. ಗುಂಡು ಹಾರಿಸಿ ಆಯ್ತಲ್ಲ."

"ಹಾಗಾದ್ರೆ ನೀನೇ ಕಟ್ಕೊಂಡು ಓಡಾಡು. ಹಳೇದು ನನಗಿರಲಿ. ಅದು ಕೈಗೆ ಒಗ್ಗಿದೆ."

ಹೋಬರ್ಟ್ ಟೊಪ್ಪಿಗೆ ಹಿಂದಕ್ಕೆ ಸರಿಸಿ ಗುಡ್ಡದ ಕಡೆ ನೋಡಿದ.

"ಇಷ್ಟು ಹಗುರದ್ದು ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋದ್ರೆ ಮೇವಿನಂಗಡೀಲಿ ಕೂತಿರೋರು ಬಿಡ್ತಾರಾ? ಆಡ್ಕೊಂಡು ನಗ್ತಾರೆ."

"ಹೆಂಡ್ತಿಗೆ ತಂದಿದ್ದೆ, ಅವಳು ಬೇಡ ಅಂದ್ಲು ಅನ್ನು. ನಿಜ ತಾನೆ?"

"ನಿಜವೇ" ಎಂದ ಅವನು. ಮುಖ ಸಡಿಲವಾಯಿತು. "ದುಡ್ಡು ಕೊಟ್ಟು ತಂದದ್ದನ್ನ ಸುಮ್ನೆ ಇಡೋಕಾಗುತ್ತಾ. ಸರಿ, ಊಟದೊಳಗೆ ಕೆಳಗಿನ ತೊಟ್ಟಿ ತನಕ ಹೋಗಿಬರ್ತೀನಿ. ಆ ಕಡೆ ಬೇಲಿ ನೋಡಿ ಬಹಳ ದಿನ ಆಯ್ತು."

"ಹೋಗ್ಬಾ. ಜೋಳದ ರೊಟ್ಟಿ ಒಲೆಗೆ ಇಡ್ತೀನಿ. ತಡ ಮಾಡಿದ್ರೆ ಸೀದದ್ದನ್ನೇ ತಿನ್ನಬೇಕು."

ಅವನು ಗಾಡಿಯ ಸೀಟಿನ ಹಿಂದೆ ಕೈಹಾಕಿ ಚರ್ಮದ ಒರೆಯೊಂದನ್ನು ಎಳೆದು ತೆಗೆದ. ಎಡಸೊಂಟಕ್ಕೆಂದೇ ಅಳತೆ ಕೊಟ್ಟು ಹೊಲಿಸಿದ್ದು. ಎಣ್ಣೆ ಕುಡಿದು ಆಗಲೇ ಮೆತ್ತಗಾಗಿತ್ತು.

ಓಲೀಟಾ ತಕ್ಷಣ ಬೇಲಿಯ ಕಡೆ ತಿರುಗಿ ನಡೆದಳು. ಗೂಟದಿಂದ ಮುಚ್ಚಳ ಕಿತ್ತು, ಅವನಿಗೆ ಬೆನ್ನು ಹಾಕಿಕೊಂಡೇ ಬಿಸಿಲಿಗೆ ಹಿಡಿದು ತೂತುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಹಿಂದೆ ಬೆಲ್ಟಿನ ಕೊಕ್ಕೆ ಕಟಕ್ಕೆಂದು ಕೂತ ಸದ್ದು ಕೇಳುವಷ್ಟರಲ್ಲಿ ಎಣಿಕೆ ಎಂಬತ್ತು ದಾಟಿತ್ತು.