ಜಾಫ್ನಾಕ್ಕೆ ಹೊರಟ ಕಾಲುಗಳು

ರಾಜಾಜಿನಗರದ ಕೃತಕ ಕಾಲುಗಳ ಕಾರ್ಖಾನೆಯಲ್ಲಿ ಮುನಿಯಪ್ಪ ರಬ್ಬರ್ ಪಾದದ ಬೆರಳುಗಳನ್ನು ಉಜ್ಜಿ ನಯ ಮಾಡುತ್ತಿದ್ದ. “ಸಾಕು ಬಿಡಿ ತಾತ, ಪೆಡಿಕ್ಯೂರ್ ಮಾಡ್ತಿದ್ದೀರಾ?” ಎಂದು ಪೆಟ್ಟಿಗೆ ತುಂಬುತ್ತಿದ್ದ ಕುಸುಮಾ ನಕ್ಕಳು. “ಮುನ್ನೂರು ಕಾಲು, ನಮ್ಮ ಸರ್ಕಾರ ಶ್ರೀಲಂಕಾದ ಜಾಫ್ನಾಕ್ಕೆ, ಕಾಲು ಜೋಡಿಸೋ ಕ್ಯಾಂಪಿಗೆ ಪುಕ್ಕಟೆ ಕಳಿಸ್ತಿದೆ.”

ಮುನಿಯಪ್ಪನ ಕೈ ನಿಂತಿತು. ಮೂವತ್ತೆಂಟು ವರ್ಷಗಳ ಹಿಂದೆ ಸರ್ಕಾರ ಶಾಂತಿಪಾಲನಾ ಪಡೆಯ ಸೈನಿಕನಾಗಿದ್ದ ಅವನ ಕೈಗೆ ಬಂದೂಕು ಕೊಟ್ಟು ಕಳಿಸಿದ್ದು ಅದೇ ಊರಿಗೆ. ಅಲ್ಲೇ ನೆಲಬಾಂಬು ಸಿಡಿದು ಅವನ ಬಲಗಾಲು ಹೋಗಿತ್ತು. ಸೆರಗು ಹರಿದು ಗಾಯ ಕಟ್ಟಿ ಜೀವ ಉಳಿಸಿದವಳು ಅಲ್ಲಿನ ಸೆಲ್ವಮಲರ್. ಬಂದೂಕು ಹಿಡಿದು ಹೋದವನು ಯಾವ ಮುಖ ಇಟ್ಟುಕೊಂಡು ಕಳಿಸಲಿ ಎಂದು, ಅವಳಿಗೆ ಬರೆದ ಕಾಗದ ಅವನ ಪರ್ಸಿನಲ್ಲೇ ಹಳದಿಯಾಗಿತ್ತು.

ಸಾಲಾಗಿ ಮಲಗಿದ್ದ ಪಾದಗಳನ್ನು ಅವನು ಗರ್ಭಗುಡಿಯ ಮುಂದೆ ನಿಂತವನಂತೆ ನೋಡಿದ. “ಒಂದು ದೇಶ ಇನ್ನೊಂದು ದೇಶಕ್ಕೆ ಹಿಂಗೂ ಹೋಗ್ಬಹುದಲ್ಲಮ್ಮಾ!”

ಕಾಗದವನ್ನು ಕೊನೆಯ ಪಾದದ ಪಕ್ಕಕ್ಕಿಟ್ಟ. “ಕ್ಯಾಂಪಿನವ್ರು ಹುಡುಕಿ ಕೊಡ್ತಾರಾ?”

“ಹೆಸರು, ಊರು ಇದೆಯಲ್ಲ. ಕೊಡ್ತಾರೆ.”

ಮುನಿಯಪ್ಪ ತಾನೇ ಮುಚ್ಚಳ ಹಾಕಿ ಮೊಳೆ ಹೊಡೆದ.