ಸೇತುವೆಯ ಮೇಲಿನ ನೀರು

ಹೊಸ ಸೇತುವೆಯ ಮೇಲೆ ನಿಂತಿದ್ದ ನೀರಿಗೆ ಕನಕಮ್ಮ ಸಲಿಕೆಯಿಂದ ದಾರಿ ಮಾಡಿಕೊಟ್ಟಳು. ಮಣ್ಣಿನ ಬದುಗಳು ಒಂದೊಂದಾಗಿ ಒಡೆದವು. ಸ್ಲ್ಯಾಬಿನ ಉದ್ದಕ್ಕೂ ತುಂಬಿಕೊಂಡಿದ್ದ ನೀರೆಲ್ಲ ಕೆಳಗಿನ ಒಣ ಹಳ್ಳಕ್ಕೆ ಧೋ ಎಂದು ಸುರಿಯಿತು. ಕಾಂಕ್ರೀಟ್ ಹಾಕಿ ಇನ್ನೂ ವಾರವಾಗಿರಲಿಲ್ಲ. ಕಾವಲಿನ ಯಂಕೇಶ ಪಕ್ಕದ ಮರಳಿ ಊರಿಗೆ ಚಹಾ ಕುಡಿಯಲು ಹೋದವನು ಎಂದಿನಂತೆ ಅಲ್ಲೇ ಬೇರುಬಿಟ್ಟಿದ್ದ. ಕೇಳುವವರು ಯಾರೂ ಇಲ್ಲದ್ದರಿಂದ ಕನಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ತೇವವನ್ನೂ ಕಸಬರಿಗೆಯಿಂದ ಗುಡಿಸಿ ಹಾಕಿದಳು.

ಅವಳನ್ನು ಬೈಯುವ ಹಾಗೂ ಇಲ್ಲ. ಹುಟ್ಟಿದ್ದು, ಬಾಳಿದ್ದು ಎಲ್ಲ ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮಾಳಿಗೆಯ ಮೇಲೆ ನೀರು ನಿಂತರೆ ತೊಲೆ ಕೊಳೆತು ಮನೆ ತಲೆಯ ಮೇಲೇ ಬರುತ್ತದೆ. ಮಳೆ ಬಂದಾಗಲೆಲ್ಲ ಗಂಡ ಮುದಿಯಪ್ಪ ಏಣಿ ಹುಡುಕುವಷ್ಟರಲ್ಲಿ ತಾನೇ ಮೇಲೆ ಹತ್ತಿ ನೀರು ಹೊರಹಾಕಿದವಳು ಅವಳು. ಇಂಥ ಬಂಗಾರದಂಥ ಸೇತುವೆಯ ನೆತ್ತಿಯ ಮೇಲೆ ಕೆಲಸದವರು ನೀರು ಬಿಟ್ಟು ಹೋದರೆ ಅವಳ ಕರುಳು ಚುರುಕ್ ಎನ್ನದೆ ಇರುತ್ತದೆಯೇ?

ಎರಡು ವರ್ಷದ ಹಿಂದೆ ಸೊಸೆ ಗಂಗಾಳಿಗೆ ನೋವು ಕಾಣಿಸಿಕೊಂಡ ದಿನ ಈ ಹಳ್ಳ ದಂಡೆ ಮೀರಿ ಹರಿದಿತ್ತು. ಗಂಗಾವತಿಯಿಂದ ಬಂದ ಆಸ್ಪತ್ರೆಯ ಗಾಡಿ ಆಚೆ ದಂಡೆಯಲ್ಲಿ, ಇವರು ಈಚೆ ದಂಡೆಯಲ್ಲಿ. ನೀರು ಇಳಿಯುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಈಗ ಗಂಗಾ ಮತ್ತೆ ಬಸುರಿ, ದಿನ ತುಂಬುವುದು ಶ್ರಾವಣದಲ್ಲಿ. ಸೇತುವೆಗೆ ಕಲ್ಲು ಹೊರುವವರನ್ನು ಕಂಡರೂ ಕನಕಮ್ಮನಿಗೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ಅಷ್ಟರಲ್ಲಿ ಎಂಜಿನಿಯರ್ ಅಮೃತಾಳ ಸ್ಕೂಟಿ ಬಂದು ನಿಂತಿತು. ಯಲಬುರ್ಗಾ ಕಡೆಯ ಹುಡುಗಿ, ಮಾತು ಕಡಿಮೆ. ಬಿಸಿಲಿಗೆ ಬೆಳ್ಳಗಾಗುತ್ತಿದ್ದ ಸ್ಲ್ಯಾಬನ್ನು ನೋಡಿ ಅವಳ ಮುಖವೂ ಬಿಳಿಚಿಕೊಂಡಿತು.

“ನೀರು ಯಾರು ಬಿಟ್ಟಾರ?”

“ನಾನ ಬಿಟ್ಟೀನ್ರಿ ಮೇಡಂ. ನಿಮ್ಮ ಮಂದಿ ಹಂಗ ಬಿಟ್ಟು ಹೋಗಿದ್ರು. ಎಲ್ಲಾ ಒಣಗಿಸೀನಿ ನೋಡ್ರಿ!”

ಅಮೃತಾ ತಲೆಗೆ ಕೈ ಹಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು. “ಯವ್ವಾ, ಅದು ನಾವ ಬದು ಕಟ್ಟಿ ನಿಲ್ಲಿಸಿದ್ದ ನೀರು. ಕಾಂಕ್ರೀಟ್ ಒಣಗಿ ಗಟ್ಟಿ ಆಗೂದಿಲ್ಲ, ನೀರು ಕುಡದು ಗಟ್ಟಿ ಆಗತೈತಿ. ಎಳೇದು ಇದ್ದಾಗ ಈ ಬಿಸಲಿಗೆ ಒಣಗಿದ್ರ ಬಿರುಕು ಬಿಡತೈತಿ. ಬಿರುಕು ಒಳಗ ಇಳದಿದ್ರ ಒಡದು ಮತ್ತ ಹಾಕಬೇಕು.”

“ಮತ್ತ ಹಾಕಿದ್ರ… ಶ್ರಾವಣದೊಳಗ ಮುಗಿತೈತೇನ್ರಿ?”

ಅಮೃತಾ ಬಿಸಿಯೇರುತ್ತಿದ್ದ ಸ್ಲ್ಯಾಬಿಗೆ ಅಂಗೈ ಒತ್ತಿ ನೋಡಿದಳು. ಒಳ್ಳೆಯದು ಮಾಡಲು ಹೋಗಿ ಸೊಸೆಯ ದಾರಿಗೆ ತಾನೇ ಅಡ್ಡ ಬಂದೆನಲ್ಲ ಎಂದು ಕನಕಮ್ಮನಿಗೆ ಎದೆ ಬಡಿದುಕೊಳ್ಳುವ ಹಾಗಾಯಿತು.

“ಟ್ಯಾಂಕರ್ ಬರೂದು ನಾಳೆ ಮುಂಜಾನಿಗೆ…” ಎಂದು ಅಮೃತಾ ಫೋನು ತೆಗೆಯುವಷ್ಟರಲ್ಲಿ ಕನಕಮ್ಮ ದಂಡೆ ಇಳಿದು ಹೊಲದ ಕಡೆ ಓಡಿದ್ದಳು. ಮೂಲೆಯಲ್ಲಿ ಕೂತು ಅಳುವ ಪೈಕಿಯಲ್ಲ ಅವಳು. ಮುದಿಯಪ್ಪ ಮೆಣಸಿನಗಿಡಕ್ಕೆ ನೀರು ಬಿಡುತ್ತಿದ್ದ. ಕರೆಂಟು ಬಂದಾಗ ಬೋರಿನಿಂದ ಸಿಕ್ಕುವ ನೀರು ಅದೊಂದೇ. “ಪೈಪು ಬ್ರಿಜ್ ಕಡೆ ತಿರುವು!” ಎಂದಳು. ಯಾಕೆ ಎಂದು ಕೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಸುಮ್ಮನೆ ಪೈಪು ಎಳೆದ. ಅವಳು ಕೂಗಿ ಕರೆದದ್ದೇ, ನಾಟಿ ಹಚ್ಚಲು ಜೊತೆಗೆ ಹೋಗುವ ಫಕೀರಮ್ಮ, ಸರ್ದಾರಬೀ ಮತ್ತು ಓಣಿಯ ಹೆಂಗಸರು ಬುಟ್ಟಿಗಳಲ್ಲಿ ಎರೆಮಣ್ಣು ಹೊತ್ತು ತಂದರು. ಭತ್ತದ ಗದ್ದೆಯಲ್ಲಿ ನೀರು ಜಿನುಗದಂತೆ ಬದು ಹಾಕಿ ಪಳಗಿದ ಕೈಗಳು. ಸೇತುವೆಯ ಮೇಲೂ ಅದನ್ನೇ ಮಾಡಿದವು. ಬದು ಮುಗಿಯುವ ತನಕ ಅಮೃತಾ ಸಾಮಾನು ತುಂಬಿ ತಂದಿದ್ದ ಖಾಲಿ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಅದ್ದಿ ಸ್ಲ್ಯಾಬಿನ ಮೇಲೆ ಹಾಸಿದಳು. ಅವಳ ಅಂಗಿಯಲ್ಲಿ ಒಣಗಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ.

ಕೊನೆಯ ಭಾಗಕ್ಕೆ ನೀರು ಬಿಡುವ ಮೊದಲು ಅವಳು ಮಂಡಿಯೂರಿ, ಕೂದಲೆಳೆಯಂಥ ಗೆರೆಗಳ ಮೇಲೆ ಉಗುರು ಎಳೆದು, ಒಂದೊಂದನ್ನೇ ನೋಡಿದಳು. ಹೆಂಗಸರೆಲ್ಲ ಬುಟ್ಟಿ ಇಳಿಸಿ ಅವಳ ಸುತ್ತ ಬಗ್ಗಿ ನೋಡಿದರು.

“ಮ್ಯಾಲಿನ ತೊಗಲಿಗೆ ಅಷ್ಟ ಅದಾವ. ಒಳಗ ಇಳದಿಲ್ಲ. ಭಯ ಇಲ್ಲ ಯವ್ವಾ.”

ಕನಕಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಎಲ್ಲರ ಮುಂದೆ ಅತ್ತುಬಿಟ್ಟಳು. “ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ ನನ ತಾಯಿ,” ಎಂದಳು.

“ಇಷ್ಟು ಛಲೋ ಬದು ನಮ್ಮ ಮಂದಿನೂ ಹಾಕಿರಲಿಲ್ಲ. ಇನ್ನೊಂದೆರಡು ವಾರ ಹಿಂಗ ನೀರು ನಿಂತ್ರ ಸಾಕು,” ಎಂದಳು ಅಮೃತಾ. ಅವಳ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಮುಂಜಾನೆ ಗಂಗಾಳನ್ನು ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೊರಟ ಕನಕಮ್ಮ, ಸೇತುವೆಯ ಪಕ್ಕದಲ್ಲೇ ಹಳ್ಳಕ್ಕೆ ಇಳಿದಳು. ಉಸುಕಿನಲ್ಲಿ ಕಾಲು ಹೂತು ಗಂಗಾ ಏದುಸಿರು ಬಿಡುತ್ತಿದ್ದಳು. ಮೇಲಿನಿಂದ ಅಮೃತಾ ಕೂಗಿದಳು.

“ಯವ್ವಾ, ಯಾಕ ತ್ರಾಸ ತಗೋತೀರಿ? ಮ್ಯಾಲ ಅಂಚು ಹಿಡದು ಬರ್ರಿ. ಇಬ್ಬರ ಭಾರ ಇದಕ್ಕ ಏನೂ ಅಲ್ಲ!”

ಕನಕಮ್ಮ ಸೊಸೆಯ ಕೈ ಬಿಡದೆ ತಲೆ ಎತ್ತಿ ನಕ್ಕಳು.

“ಈಗ ಬ್ಯಾಡ್ರಿ ಮೇಡಂ. ಶ್ರಾವಣದಾಗ ಹೋಗೂಮುಂದ ನಾವು ಇಬ್ಬರು, ಬರೂಮುಂದ ಮೂರು ಮಂದಿ. ಆ ಭಾರಕ್ಕ ತಯಾರಾಗ್ಲಿರಿ ಅದು.”