ಬಡಾವಣೆಯ ವಾಸನೆ

ಗೇಟಿಗೆ ಹೊರಗಿನಿಂದ ಬೀಗ ಜಡಿದವನು ಏಕಾಂತಪ್ಪ. ತನ್ನ ಹಾರ್ಡ್‌ವೇರ್ ಅಂಗಡಿಯಿಂದಲೇ ತಂದ ಹೊಸ ಬೀಗ. ಒಳಗೆ ಕ್ವಾರ್ಟರ್ಸಿನ ಬಾಗಿಲಲ್ಲಿ ಸುಂಕಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು. ಮಗಳು ಕ್ರಾಂತಿ ಗೇಟಿನ ಹತ್ತಿರ ಬಂದಳು.

"ನೀರಿಗೆ ಹೋಗಬೇಕ್ರಿ."

"ಬೀಗ ಹಾಕಿದ್ರ ವಾಸನಿ ಹೊರಗ ಬರಂಗಿಲ್ಲ," ಎಂದ ಏಕಾಂತಪ್ಪ. ಹಿಂದೆ ಬಡಾವಣೆಯ ಮಂದಿ ಕರವಸ್ತ್ರ, ಸೆರಗು ಮೂಗಿಗೊತ್ತಿಕೊಂಡು ನಿಂತಿದ್ದರು.

ಎರಡು ಸಾವಿರದ ಮೂರರ ಬೇಸಿಗೆ. ಹಡಗಲಿ ರಸ್ತೆಯ ಹೊಸ ಬಡಾವಣೆ ಮುಗಿಯುವಲ್ಲಿ ಎತ್ತರದ ಕಾಂಪೌಂಡು. ಅದರೊಳಗೆ ಊರಿನ ಚರಂಡಿ ನೀರನ್ನು ಶುದ್ಧ ಮಾಡುವ ಘಟಕ. ಹಿಂದಿನ ವರ್ಷ ದೊಡ್ಡವರು ಬಂದು ಟೇಪು ಕತ್ತರಿಸಿ, ಹೆಸರು ಕೆತ್ತಿಸಿದ ಕಲ್ಲು ನಿಲ್ಲಿಸಿ ಹೋಗಿದ್ದರು. ಆಗ ಇದ್ದ ಎಂಜಿನಿಯರ್ ಗುರುಬಸವರಾಜನಿಗೆ ದಿನಕ್ಕೊಬ್ಬರ ಮನೆಯಲ್ಲಿ ಚಹಾ. ಅವನಿಗೆ ವರ್ಗವಾಗಿ ಆ ಜಾಗಕ್ಕೆ ಕ್ರಾಂತಿ ಬಂದಳು. ಜೊತೆಗೆ ತಾಯಿ.

ಬಂದ ದಿನ ಏಕಾಂತಪ್ಪನ ಹೆಂಡತಿ ಅನ್ನದಾನಮ್ಮ ಗೇಟಿನವರೆಗೆ ಮಜ್ಜಿಗೆ ತಂದುಕೊಟ್ಟಳು.

"ನಿಮ್ಮೂರು ಹಿರೇಹಡಗಲಿ ಅಂದ್ರಲ್ಲ, ಅಲ್ಲಿ ಯಾವ ಓಣಿರಿ ನಿಮ್ದು?"

ಸುಂಕಮ್ಮ ಹೇಳಿದಳು. ಅನ್ನದಾನಮ್ಮನಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು.

ಆ ವಾರವೇ ವಾಸನೆ ಶುರುವಾಯಿತು. ಅನ್ನದಾನಮ್ಮ ತಲೆನೋವೆಂದು ಮಲಗಿದಳು. ಮಕ್ಕಳು ವಾಂತಿ ಮಾಡಿಕೊಂಡವು. ಯಾರದೋ ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದುಹೋದರು. ಅದಕ್ಕೂ ವಾಸನೆಯೇ ಕಾರಣವಾಯಿತು. ಕಿರಾಣಿ ಅಂಗಡಿಯವನು ಸುಂಕಮ್ಮನಿಗೆ ಸಾಮಾನು ಕೊಡುವುದನ್ನು ಬಿಟ್ಟ. ಬೋರಿನ ನಳದ ಹತ್ತಿರ ಅವಳ ಕೊಡವನ್ನು ಒದ್ದು ಉರುಳಿಸಿದರು. ಒಮ್ಮೆ ಕಲ್ಲು ಹಾರಿಬಂದು ಅವಳ ಹುಬ್ಬು ಒಡೆಯಿತು.

ಕ್ರಾಂತಿ ಪುರಸಭೆಯ ಮುಖ್ಯಾಧಿಕಾರಿಯ ಬಳಿಗೆ ಓಡಿದಳು.

"ಮಂದಿಗೆ ಇದ್ದದ್ದು ಹೇಳಿಬಿಡ್ಲೇನ್ರಿ ಸರ್?"

"ಒಳಗಿನ ಸುದ್ದಿ ಹೊರಗ ಹೋದ್ರ ನಿಮ್ಮ ನೌಕರಿ ಉಳಿಯಂಗಿಲ್ಲ," ಎಂದರು ಅವರು.

ಅಂದಿನಿಂದ ಅವಳದು ಒಂದೇ ಮಾತು: "ಒಳಗ ಬಂದು ನೋಡ್ರಿ."

ಯಾರೂ ಬರಲಿಲ್ಲ. "ನಿಮ್ಮ ಜಾಗಕ್ಕ ನಾವು ಕಾಲಿಡೂದಾ?" ಎಂದು ನಕ್ಕರು.

ಬೀಗ ಬಿದ್ದ ಆ ಬೆಳಿಗ್ಗೆ ಬಳ್ಳಾರಿಯಿಂದ ಮೇಲಧಿಕಾರಿ ವೀರಭದ್ರಯ್ಯ ಪರಿಶೀಲನೆಗೆ ಬಂದರು. ಬಡಾವಣೆಯವರೇ ದೂರು ಕೊಟ್ಟು ಕರೆಸಿದ್ದರು. ಜನ ಜೀಪನ್ನು ಮುತ್ತಿಕೊಂಡರು.

"ಇವರನ್ನ ಇವತ್ತ ಖಾಲಿ ಮಾಡಿಸ್ರಿ ಸಾಹೇಬ್ರ. ಉಸಿರಾಡಾಕ ಆಗವಲ್ದು," ಎಂದ ಏಕಾಂತಪ್ಪ.

"ಯಾವಾಗಿಂದ ಐತಿ ವಾಸನಿ?"

"ಇವರು ಬಂದಾಗಿಂದ."

"ಗುರುಬಸವರಾಜ ಇದ್ದಾಗ?"

"ಅವರು ಛಲೋ ನಡೆಸ್ತಿದ್ರು. ಒಂದು ದಿನಾನೂ ಬಂದಿಲ್ಲ."

ವೀರಭದ್ರಯ್ಯ ಬೀಗದ ಕಡೆ ನೋಡಿದರು. "ತೆಗೀರಿ. ನೀವೂ ಜತಿಗೆ ಬರ್ರಿ. ವಾಸನಿ ಎಲ್ಲಿಂದ ಬರ್ತೈತಿ ಅಂತ ತೋರಿಸ್ರಿ."

ತಪ್ಪಿಸಿಕೊಳ್ಳುವಂತಿರಲಿಲ್ಲ. ಏಕಾಂತಪ್ಪ ಬೀಗ ತೆಗೆದು, ಟವಲನ್ನು ಮೂಗಿಗೆ ಬಿಗಿದುಕೊಂಡು ಮೊದಲ ಸಲ ಆ ಗೇಟು ದಾಟಿದ. ಸುಂಕಮ್ಮ ಮಗಳ ಕೈ ಹಿಡಿದಳು.

"ಬ್ಯಾಡವ್ವಾ, ನೌಕರಿ ಹೋಗ್ತೈತಿ."

"ಹೋಗ್ಲಿ ಬಿಡಬೇ," ಎಂದು ಕ್ರಾಂತಿ ಮುಂದೆ ನಡೆದಳು.

ಎಲ್ಲಕ್ಕಿಂತ ದೊಡ್ಡ ಹೊಂಡದ ಅಂಚಿಗೆ ಬಂದು ಅವಳು ನಿಂತಳು. ಏಕಾಂತಪ್ಪ ಬಗ್ಗಿ ನೋಡಿದ. ಹೊಂಡದ ತಳದ ಬೋಳು ಸಿಮೆಂಟಿನ ಮೇಲೆ ಸುಂಕಮ್ಮ ಹರವಿದ್ದ ಕೆಂಪು ಮೆಣಸಿನಕಾಯಿ ಗರಿಗರಿಯಾಗಿ ಒಣಗುತ್ತಿತ್ತು.

"ಊರಿನ ಪೈಪು ಇನ್ನೂ ಕೂಡಿಸೇ ಇಲ್ರಿ ಸರ್," ಎಂದಳು ಕ್ರಾಂತಿ. "ಕಟ್ಟಿದಾಗಿಂದ ಒಂದು ಹನಿ ಚರಂಡಿ ನೀರೂ ಇಲ್ಲಿಗೆ ಬಂದಿಲ್ಲ."